ಜಿಲ್ಲೆಯ ಲೆಕ್ಕ, ಮನೆಯ ಲೆಕ್ಕ



ಬಿತ್ತನೆ, ಗೊಬ್ಬರ, ಹುಳದ ಬಾಧೆ, ದನಕರುಗಳ ಆರೈಕೆ ಇವುಗಳ ವಿಚಾರವಾಗಿ ನೀವು ಎಷ್ಟೋ ಭಾಷಣಗಳನ್ನು ಕೇಳಿದ್ದೀರಿ. ಇವತ್ತು ನಾನು ಹೇಳಹೊರಟಿರುವುದು ಹೊಲದ ಬೆಳೆಯ ವಿಚಾರವಲ್ಲ, ಅಂಕಿ ಅಂಶದ ವಿಚಾರ. ಅಂಕಿ ಎಂದೊಡನೆ, "ಅದು ಕಚೇರಿಯವರ ಕೆಲಸ, ನಮಗೇಕೆ?" ಎಂದು ಎದ್ದು ಹೋಗಬೇಡಿ. ಕಚೇರಿಯ ಅಂಕಿ ಕಚೇರಿಯಲ್ಲೇ ಇರುವುದಿಲ್ಲ. ಪತ್ರಿಕೆಯಲ್ಲಿ ಬರುತ್ತದೆ, ಕೈಯೊಳಗಿನ ಫೋನಿನಲ್ಲಿ ಬರುತ್ತದೆ, ಕೊನೆಗೆ ನಮ್ಮ ಮನೆಯ ಜಗಲಿಗೂ ಬಂದು ಕೂರುತ್ತದೆ. ಹಾಗೆ ಬಂದು ಕೂತ ಒಂದು ಅಂಕಿಯ ಕಥೆ ಹೇಳುತ್ತೇನೆ, ಕೇಳಿ.

ಹೋದ ಬೇಸಿಗೆಯಲ್ಲಿ ಒಂದು ಊರಿಗೆ ಹೋಗಿದ್ದೆ. ಒಬ್ಬ ಯಜಮಾನರ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದಾಗ ಅವರು ಒಳಗಿನಿಂದ ಮಡಿಸಿಟ್ಟ ಪತ್ರಿಕೆಯ ಹಾಳೆಯೊಂದನ್ನು ತಂದು ತೋರಿಸಿದರು. "ನೋಡಿ ಸ್ವಾಮಿ, ಓದು ಹೆಚ್ಚಾಗಿರೋ ರಾಜ್ಯದಲ್ಲೇ ಕಾಯಿಲೇನೂ ಹೆಚ್ಚಂತೆ. ನಾನು ಹೇಳ್ತಾ ಇಲ್ಲ, ಲೆಕ್ಕ ಹೇಳ್ತದೆ. ಅದೇನೋ ಸಹಸಂಬಂಧ ಅಂತ ಬರೆದವ್ರೆ. ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗವ್ಳೆ. ಕಾಲೇಜಿಗೆ ಹೋಗ್ಬೇಕಾದ್ರೆ ದಿನಾ ಹನ್ನೆರಡು ಕಿಲೋಮೀಟರು ಬಸ್ಸು. ಅಷ್ಟು ಕಷ್ಟಪಟ್ಟು ಓದಿಸಿ ಕಾಯಿಲೆ ಬರಿಸ್ಕೊಳ್ಳೋದು ಯಾಕೆ? ಮನೇಲೇ ಇರ್ಲಿ ಅಂತ ಮಾಡಿದೀನಿ" ಎಂದರು. ಆ ಹುಡುಗಿ ಬಾಗಿಲ ಹತ್ತಿರ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ನನಗೆ ಬಸ್ಸಿಗೆ ಹೊತ್ತಾಗಿತ್ತು. ಎರಡು ಮಾತಿನಲ್ಲಿ ಮುಗಿಯುವ ಉತ್ತರವೂ ಅದಲ್ಲ. "ಕಾಲೇಜಿನ ಅರ್ಜಿಗೆ ಇನ್ನೂ ದಿನ ಇದೆ ಯಜಮಾನರೇ, ದುಡುಕಬೇಡಿ" ಎಂದಷ್ಟೇ ಹೇಳಿ ಹೊರಟೆ. ಉಳಿದ ಉತ್ತರವನ್ನು ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ಮೊದಲು ಸಹಸಂಬಂಧ ಎಂದರೆ ಏನು ಎಂದು ತಿಳಿಯೋಣ. ಎರಡು ಸಂಗತಿಗಳು ಜೊತೆಜೊತೆಯಾಗಿ ಏರಿಳಿಯುತ್ತವೆಯೆ ಎಂದು ನೋಡುವ ಲೆಕ್ಕ ಅದು. ಇದು ಹುಟ್ಟಿದ್ದೂ ಒಂದು ರೀತಿಯಲ್ಲಿ ಬಿತ್ತನೆ ಬೀಜದಿಂದಲೇ. ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸ 1875ರಲ್ಲಿ ಬಟಾಣಿಯ ಹಾಗಿರುವ ಒಂದು ಹೂಗಿಡದ ಬೀಜಗಳನ್ನು ಗಾತ್ರದ ಮೇಲೆ ಬೇರೆ ಬೇರೆ ಪೊಟ್ಟಣ ಕಟ್ಟಿ, ಸ್ನೇಹಿತರಿಗೆ ಹಂಚಿ ಬಿತ್ತಿಸಿದ. ದಪ್ಪ ಬೀಜದ ಮಕ್ಕಳು ಎಷ್ಟು ದಪ್ಪ, ಸಣ್ಣ ಬೀಜದ ಮಕ್ಕಳು ಎಷ್ಟು ಸಣ್ಣ ಎಂದು ಅಳೆದು ನೋಡಿದ. ಮುಂದೆ 1888ರಲ್ಲಿ ಈ ಲೆಕ್ಕಕ್ಕೆ ಒಂದು ರೂಪ ಕೊಟ್ಟ. ಅನಂತರ ಕಾರ್ಲ್ ಪಿಯರ್ಸನ್ ಎಂಬಾತ ಈಗ ಎಲ್ಲರೂ ಬಳಸುವ ಸೂತ್ರವನ್ನು ಕಟ್ಟಿದ.

ಆ ಸೂತ್ರದಿಂದ ಬರುವ ಅಂಕಿಗೆ ಸಹಸಂಬಂಧ ಗುಣಾಂಕ ಎಂದು ಹೆಸರು. ನಾವು ಜೊತೆಯ ಅಂಕಿ ಎಂದು ಕರೆಯೋಣ. ಇದು 1ಕ್ಕಿಂತ ಮೇಲೆ ಹೋಗುವುದಿಲ್ಲ, ಮೈನಸ್ 1ಕ್ಕಿಂತ ಕೆಳಗೂ ಇಳಿಯುವುದಿಲ್ಲ. ಒಂದು ಏರಿದಾಗ ಇನ್ನೊಂದೂ ತಪ್ಪದೆ ಅದೇ ಅಳತೆಯಲ್ಲಿ ಏರಿದರೆ 1. ಒಂದು ಏರಿದಾಗ ಇನ್ನೊಂದು ತಪ್ಪದೆ ಇಳಿದರೆ ಮೈನಸ್ 1. ಇದು ಏರಿದರೂ ಇಳಿದರೂ ಅದು ತನ್ನ ಪಾಡಿಗೆ ತಾನಿದ್ದರೆ ಸೊನ್ನೆ. ನಿಜವಾದ ಬದುಕಿನ ಅಂಕಿಗಳು ಇವುಗಳ ನಡುವೆ ಎಲ್ಲೋ ಬೀಳುತ್ತವೆ.

ಇಲ್ಲಿ ಒಂದು ಎಚ್ಚರಿಕೆ. 0.5 ಎಂದು ಕಂಡರೆ "ಅರ್ಧಕ್ಕೆ ಅರ್ಧ ಸಂಬಂಧ" ಎಂದುಕೊಳ್ಳಬೇಡಿ. ಆ ಅಂಕಿಯನ್ನು ಅದರಿಂದಲೇ ಗುಣಿಸಬೇಕು. 0.5ನ್ನು 0.5ರಿಂದ ಗುಣಿಸಿದರೆ 0.25. ಅಂದರೆ ಒಂದು ಸಂಗತಿ ಮನೆಯಿಂದ ಮನೆಗೆ ಹೆಚ್ಚು ಕಡಿಮೆಯಾಗುತ್ತದಲ್ಲ, ಆ ವ್ಯತ್ಯಾಸ ಹದಿನಾರಾಣೆಯಾದರೆ, ಅದರಲ್ಲಿ ಇನ್ನೊಂದು ಸಂಗತಿಯ ಜೊತೆ ಹೋಗುವುದು ನಾಲ್ಕಾಣೆ ಪಾಲು. ಉಳಿದ ಹನ್ನೆರಡಾಣೆ ಪಾಲಿನ ವಿಚಾರ ಈ ಅಂಕಿಗೆ ಗೊತ್ತಿಲ್ಲ.

ಇನ್ನೊಂದು ಎಚ್ಚರಿಕೆ. ಸೊನ್ನೆ ಬಂತೆಂದರೆ ಸಂಬಂಧವೇ ಇಲ್ಲ ಎಂದೂ ಅಲ್ಲ. ರಾಗಿಗೂ ಮಳೆಗೂ ಸಂಬಂಧ ಇಲ್ಲವೆಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ಆದರೆ ಮಳೆ ಕಡಿಮೆಯಾದ ವರ್ಷ ಪೈರು ಒಣಗುತ್ತದೆ, ಹದವಾದ ವರ್ಷ ಕಣ ತುಂಬುತ್ತದೆ, ವಿಪರೀತವಾದ ವರ್ಷ ತೆನೆ ಹೊಲದಲ್ಲೇ ಕೊಳೆಯುತ್ತದೆ. ಮೊದಲು ಏರಿ ಆಮೇಲೆ ಇಳಿಯಿತು. ಏರಿದ್ದಕ್ಕೂ ಇಳಿದದ್ದಕ್ಕೂ ವಜಾ ಆಗಿ ಜೊತೆಯ ಅಂಕಿ ಸೊನ್ನೆಯ ಹತ್ತಿರ ಬಂದುಬಿಡಬಹುದು. ಈ ಸೂತ್ರಕ್ಕೆ ನೇರವಾದ ಗೆರೆ ಮಾತ್ರ ಕಾಣುತ್ತದೆ, ಬಾಗಿದ ಗೆರೆ ಕಾಣುವುದಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಎರಡು ಜೊತೆಯಾಗಿ ನಡೆದರೆ ಒಂದು ಇನ್ನೊಂದಕ್ಕೆ ಕಾರಣವೆ? ನೊಗ ಕಟ್ಟಿದ ಜೋಡಿ ಎತ್ತು ನೋಡಿ. ಎರಡೂ ಒಟ್ಟಿಗೆ ಹೆಜ್ಜೆ ಇಡುತ್ತವೆ, ಒಟ್ಟಿಗೆ ತಿರುಗುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಎಡದ ಎತ್ತು ಬಲದ ಎತ್ತನ್ನು ನಡೆಸುತ್ತಿದೆ ಎಂದು ಯಾರಾದರೂ ಹೇಳುತ್ತಾರೆಯೆ? ಎರಡನ್ನೂ ನಡೆಸುವವನು ಹಿಂದೆ ಮೇಣಿ ಹಿಡಿದಿದ್ದಾನೆ. ಅಂಕಿಯ ಪಟ್ಟಿಯಲ್ಲಿ ಎತ್ತುಗಳು ಮಾತ್ರ ಕಾಣುತ್ತವೆ, ಮೇಣಿ ಹಿಡಿದವನು ಕಾಣುವುದಿಲ್ಲ.

ಕಾಲ ಎಂಬುದು ಹೀಗೆ ಮರೆಯಲ್ಲಿ ನಿಂತು ನಡೆಸುವ ಒಬ್ಬ ದೊಡ್ಡ ಒಕ್ಕಲಿಗ. ಇಂಗ್ಲೆಂಡಿನ ಉಡ್ನಿ ಯೂಲ್ ಎಂಬ ಲೆಕ್ಕಿಗ 1926ರಲ್ಲಿ ಒಂದು ಉದಾಹರಣೆ ಕೊಟ್ಟ. 1866ರಿಂದ 1911ರವರೆಗೆ ಆ ದೇಶದ ಮದುವೆಗಳಲ್ಲಿ ಅಲ್ಲಿನ ರಾಜ್ಯಧರ್ಮದ ಚರ್ಚಿನಲ್ಲಿ ನಡೆದ ಮದುವೆಗಳ ಪಾಲು ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಸಾಯುವವರ ಪ್ರಮಾಣವೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಎರಡಕ್ಕೂ ಜೊತೆಯ ಅಂಕಿ ಹಾಕಿದರೆ 0.95! ಹಾಗಾದರೆ ಚರ್ಚಿನಲ್ಲಿ ಮದುವೆ ನಿಲ್ಲಿಸಿದರೆ ಸಾವು ನಿಲ್ಲುತ್ತದೆಯೆ? ಇಂಥವನ್ನು ಅರ್ಥವಿಲ್ಲದ ಸಹಸಂಬಂಧ ಎಂದೇ ಯೂಲ್ ಕರೆದ. ವರ್ಷವರ್ಷವೂ ಒಂದೇ ದಿಕ್ಕಿಗೆ ಹೋಗುವ ಯಾವ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟರೂ ಹೀಗೇ ಆಗುತ್ತದೆ. ನಮ್ಮ ಹಿರಿಯರು ಸೂತ್ರವಿಲ್ಲದೆಯೇ ಹೇಳಿದ್ದರಲ್ಲ, ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯಿತು ಎಂದು!

ಇನ್ನು ನಮ್ಮ ಯಜಮಾನರ ಅಂಕಿಯನ್ನು ತೆಗೆದುಕೊಳ್ಳೋಣ. ಅವರು ಓದಿದ್ದು ಸುಳ್ಳಲ್ಲ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು 2002ರಲ್ಲಿ ಇದೇ ಸಂಗತಿಯನ್ನು ಬರೆದರು. ಕೇರಳದಲ್ಲಿ ಓದು ಬಲ್ಲವರು ಹೆಚ್ಚು. 2011ರ ಜನಗಣತಿಯಲ್ಲಿ ನೂರಕ್ಕೆ ಸುಮಾರು 94. ಬಿಹಾರದಲ್ಲಿ ಅದೇ ಗಣತಿಯಲ್ಲಿ ಸುಮಾರು 62. ಆದರೆ "ನಿಮಗೆ ಕಾಯಿಲೆ ಇದೆಯೆ?" ಎಂದು ಮನೆಮನೆಗೆ ಹೋಗಿ ಕೇಳಿದಾಗ, ಇದೆ ಎಂದವರು ಕೇರಳದಲ್ಲಿ ಬಹಳ ಹೆಚ್ಚು, ಬಿಹಾರದಲ್ಲಿ ಬಹಳ ಕಡಿಮೆ. ಹಾಗಾದರೆ ಕೇರಳದವರು ಬೇಗ ಸಾಯುತ್ತಾರೆಯೆ? ಇಲ್ಲ. ಅವರ ಆಯುಸ್ಸೇ ಹೆಚ್ಚು. ಇದು ಹೇಗೆ?

ನಿಮ್ಮ ಕೊಟ್ಟಿಗೆಯ ವಿಚಾರದಲ್ಲಿ ನೋಡಿ. ಪಶು ಆಸ್ಪತ್ರೆ ಇರುವ ಊರಿನ ದಾಖಲೆ ಪುಸ್ತಕದಲ್ಲಿ ರೋಗದ ದನಗಳು ಹತ್ತಾರು. ಆಸ್ಪತ್ರೆ ಇಲ್ಲದ ಊರಿನ ಹೆಸರಿನಲ್ಲಿ ಒಂದೂ ಇಲ್ಲ. ಹಾಗೆಂದು ಆಸ್ಪತ್ರೆಯೇ ದನಗಳಿಗೆ ರೋಗ ತಂದಿತು ಎನ್ನುತ್ತೀರಾ? ಅಲ್ಲಿ ರೋಗ ಗೊತ್ತಾಗುತ್ತದೆ, ಬರೆಯುತ್ತಾರೆ, ಮದ್ದು ಕೊಡುತ್ತಾರೆ. ಇಲ್ಲಿ ದನ ಸುಮ್ಮನೆ ಸಾಯುತ್ತದೆ. ಮನುಷ್ಯರದೂ ಹಾಗೆಯೇ. ಓದು ಬಲ್ಲವರು, ಹತ್ತಿರದಲ್ಲಿ ಆಸ್ಪತ್ರೆ ಇರುವವರು ತಮ್ಮ ಕಾಯಿಲೆಯನ್ನು ಗುರುತಿಸುತ್ತಾರೆ, ಹೇಳಿಕೊಳ್ಳುತ್ತಾರೆ. ಓದೂ ಆಸ್ಪತ್ರೆಯೂ ಇಲ್ಲದ ಕಡೆ, "ನಿತ್ರಾಣ ಕಣಪ್ಪ, ಏನ್ ಮಾಡೋದು, ಹಣೇಬರಹ" ಎಂದು ಸುಮ್ಮನಾಗುತ್ತಾರೆ. ಅದೂ ಅಲ್ಲದೆ ಹೆಚ್ಚು ಕಾಲ ಬದುಕಿದವರಿಗೆ ಮುಪ್ಪಿನ ಕಾಯಿಲೆಗಳು ಬಂದೇ ಬರುತ್ತವೆ. ಯಜಮಾನರು ಓದಿದ ಅಂಕಿ ಕಾಯಿಲೆಯ ಅಂಕಿಯಲ್ಲ, ಕಾಯಿಲೆ ಹೇಳಿಕೊಂಡವರ ಅಂಕಿ. ಈ ಒಂದು ಮಾತಿನ ವ್ಯತ್ಯಾಸದಿಂದ ಒಂದು ಹುಡುಗಿಯ ಓದು ನಿಲ್ಲುವುದರಲ್ಲಿತ್ತು, ನೋಡಿ!

ಇದಕ್ಕಿಂತ ಮೋಸದ ಗುಂಡಿ ಇನ್ನೊಂದಿದೆ. ರಾಜ್ಯದ ಲೆಕ್ಕ, ಜಿಲ್ಲೆಯ ಲೆಕ್ಕ ನೋಡಿ ಒಂದು ಮನೆಯ, ಒಬ್ಬ ಮನುಷ್ಯನ ತೀರ್ಪು ಹೇಳುವುದು. ಇದರ ಮೋಸವನ್ನು ಅಮೆರಿಕದ ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞ 1950ರಲ್ಲಿ ಬಯಲಿಗೆಳೆದ. ಆತ ಹಿಡಿದದ್ದು ಆ ದೇಶದ 1930ರ ಜನಗಣತಿ. ಆಗ ಅಲ್ಲಿ 48 ರಾಜ್ಯಗಳಿದ್ದವು. ಒಂದೊಂದು ರಾಜ್ಯದಲ್ಲೂ ಪರದೇಶದಲ್ಲಿ ಹುಟ್ಟಿ ಬಂದವರು ನೂರಕ್ಕೆ ಎಷ್ಟು, ಓದು ಬರಹ ಬಾರದವರು ನೂರಕ್ಕೆ ಎಷ್ಟು ಎಂದು ಪಕ್ಕಪಕ್ಕ ಇಟ್ಟು ನೋಡಿದ. ಜೊತೆಯ ಅಂಕಿ ಮೈನಸ್ 0.526 ಬಂತು. ಎಂದರೆ ಪರದೇಶಿಗಳು ಹೆಚ್ಚಿದ್ದ ರಾಜ್ಯದಲ್ಲಿ ಓದು ಬಾರದವರು ಕಡಿಮೆ. ಇಷ್ಟನ್ನೇ ನೋಡಿದವನು "ಪರದೇಶದಿಂದ ಬಂದವರೇ ಇಲ್ಲಿಯವರಿಗಿಂತ ಓದಿದವರು" ಎಂದುಬಿಡುತ್ತಾನೆ. ಆದರೆ ರಾಬಿನ್ಸನ್ ಅದೇ ಗಣತಿಯಲ್ಲಿ ರಾಜ್ಯಗಳನ್ನು ಬಿಟ್ಟು ಆಳಾಳಿನ ಲೆಕ್ಕ ಹಾಕಿದ. ಆಗ ಬಂದ ಅಂಕಿ 0.118, ಅದೂ ಮೈನಸ್ ಅಲ್ಲ, ಪ್ಲಸ್. ಎಂದರೆ ಪರದೇಶದಿಂದ ಬಂದವರಲ್ಲೇ ಓದು ಬಾರದವರು ತುಸು ಹೆಚ್ಚು. ತಕ್ಕಡಿ ಪೂರ್ತಿ ತಿರುಗಿಬಿಟ್ಟಿತು!

ಇದು ಕಣ್ಕಟ್ಟಲ್ಲ. ಹೇಗಾಗುತ್ತದೆಂದು ನಮ್ಮ ಕಡೆಯ ಎರಡು ಊರು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ಒಂದು ನಾಲೆಯ ಊರು, ಒಂದು ಬಯಲು ಸೀಮೆಯ ಊರು. ಒಂದೊಂದರಲ್ಲೂ 100 ಮಂದಿ ದೊಡ್ಡವರು. ನಾಲೆಯ ಊರಿನಲ್ಲಿ ಶಾಲೆ ಹಳೆಯದು. ಅಲ್ಲಿ ಊರಿನವರು 70, ಅವರಲ್ಲಿ ಓದು ಬಲ್ಲವರು 63. ಕಬ್ಬು ಕಡಿಯಲು, ನಾಟಿ ಮಾಡಲು ವಲಸೆ ಬಂದು ನಿಂತವರು 30, ಅವರಲ್ಲಿ ಓದು ಬಲ್ಲವರು 15. ಒಟ್ಟು ನೂರಕ್ಕೆ 78. ಬಯಲು ಊರಿನಲ್ಲಿ ಊರಿನವರು 95, ಓದು ಬಲ್ಲವರು 57. ವಲಸೆ ಬಂದವರು 5, ಓದು ಬಲ್ಲವರು 2. ಒಟ್ಟು ನೂರಕ್ಕೆ 59.

ಈಗ ಊರಿನ ಲೆಕ್ಕ ನೋಡಿ. ವಲಸೆಯವರು ಹೆಚ್ಚಿರುವ ಊರಿನಲ್ಲಿ ಓದು ಹೆಚ್ಚು, 78. ಕಡಿಮೆಯಿರುವ ಊರಿನಲ್ಲಿ ಓದು ಕಡಿಮೆ, 59. ಆದರೆ ಆಳಿನ ಲೆಕ್ಕ ನೋಡಿ. ವಲಸೆಯವರು ಒಟ್ಟು 35, ಓದು ಬಲ್ಲವರು 17, ಅರ್ಧಕ್ಕೂ ಕಡಿಮೆ. ಊರಿನವರು ಒಟ್ಟು 165, ಓದು ಬಲ್ಲವರು 120, ನೂರಕ್ಕೆ 73ರ ಹತ್ತಿರ. ವಲಸೆಯವರು ಓದು ತರಲಿಲ್ಲ. ಕೂಲಿ ಸಿಗುವ ಊರಿಗೆ ಬಂದರು. ಆ ಊರಿನಲ್ಲಿ ಓದು ಮೊದಲೇ ಇತ್ತು. ಅಮೆರಿಕದಲ್ಲೂ ಆದದ್ದು ಇದೇ. ಹೊರಗಿನಿಂದ ಬಂದವರು ಕೆಲಸ ಸಿಗುವ ಉತ್ತರದ ರಾಜ್ಯಗಳಲ್ಲಿ ನೆಲೆಸಿದರು. ಅಲ್ಲಿ ಶಾಲೆಗಳು ಮೊದಲೇ ಚೆನ್ನಾಗಿದ್ದವು.

ರಾಬಿನ್ಸನ್ ಇನ್ನೊಂದು ಲೆಕ್ಕವನ್ನೂ ತೋರಿಸಿದ. ಆ ದೇಶದ ಕಪ್ಪು ಜನರಿಗೆ ತಲೆಮಾರುಗಳಿಂದ ಒಳ್ಳೆಯ ಶಾಲೆ ಸಿಕ್ಕಿರಲಿಲ್ಲ. ಅದರಿಂದ ಕಪ್ಪು ಜನರಾಗಿರುವುದಕ್ಕೂ ಓದು ಬಾರದಿರುವುದಕ್ಕೂ ಆಳಿನ ಲೆಕ್ಕದಲ್ಲಿ ಜೊತೆಯ ಅಂಕಿ 0.203 ಇತ್ತು. 48 ರಾಜ್ಯಗಳ ಲೆಕ್ಕ ಹಾಕಿದರೆ ಅದು 0.773 ಆಯಿತು. ರಾಜ್ಯಗಳನ್ನೂ ಸೇರಿಸಿ 9 ದೊಡ್ಡ ಪ್ರಾಂತಗಳ ಲೆಕ್ಕ ಹಾಕಿದರೆ 0.946! ನಾವು ಆಗ ಹೇಳಿದ ಹಾಗೆ ಗುಣಿಸಿ ನೋಡಿ. ಆಳಿನ ಲೆಕ್ಕದಲ್ಲಿ ಹದಿನಾರಾಣೆಗೆ ಮುಕ್ಕಾಲಾಣೆಯೂ ಇಲ್ಲ. ಪ್ರಾಂತದ ಲೆಕ್ಕದಲ್ಲಿ ಹದಿನಾಲ್ಕಾಣೆ ದಾಟಿತು. ಜನ ಅವರೇ, ಗಣತಿ ಅದೇ. ಬದಲಾದದ್ದು ರಾಶಿಯ ಗಾತ್ರ.

ಇದು ನಿಮಗೆ ಹೊಸತಲ್ಲ. ಒಂದೊಂದು ತೆನೆ ಕೈಯಲ್ಲಿ ಹಿಡಿದು ನೋಡಿದರೆ ಒಂದೇ ಹೊಲದಲ್ಲಿ ತುಂಬಿದ ತೆನೆಯೂ ಇರುತ್ತದೆ, ಜೊಳ್ಳು ತೆನೆಯೂ ಇರುತ್ತದೆ. ಒಕ್ಕಿ ಮೂಟೆ ಕಟ್ಟಿದ ಮೇಲೆ ಆ ಏರುಪೇರು ಮಾಯವಾಗುತ್ತದೆ, ಮೂಟೆ ಮೂಟೆಯೂ ಒಂದು ಲೆಕ್ಕಕ್ಕೆ ಬರುತ್ತದೆ. ಮೂಟೆಯ ಲೆಕ್ಕ ಮೂಟೆಗೆ ಸರಿ. ಅದರಿಂದ ಒಂದು ತೆನೆಯ ತೀರ್ಪು ಹೇಳಲಾಗದು.

ಆದುದರಿಂದ ಯಾವ ಜಿಲ್ಲೆಯವರು, ಯಾವ ಜಾತಿಯವರು, ಯಾವ ಊರಿನವರು ಎಂದು ಕೇಳಿ, ಪಟ್ಟಿಯಲ್ಲಿ ಅವರ ಅಂಕಿ ನೋಡಿ, ಎದುರಿಗೆ ನಿಂತ ಮನುಷ್ಯನನ್ನು ಅಳೆಯಬೇಡಿ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ಸಾಕ್ಷರತೆ ಅತಿ ಕಡಿಮೆಯಿದ್ದದ್ದು ಯಾದಗಿರಿ ಜಿಲ್ಲೆಯಲ್ಲಿ, ನೂರಕ್ಕೆ ಸುಮಾರು 52. ಅತಿ ಹೆಚ್ಚಿದ್ದದ್ದು ದಕ್ಷಿಣ ಕನ್ನಡದಲ್ಲಿ, ಸುಮಾರು 89. ಆದರೂ ಆ ಯಾದಗಿರಿಯಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಓದು ಬಲ್ಲವರೇ. ಆ ಕಡೆಯಿಂದ ದುಡಿಯಲು ಬಂದ ಹೆಣ್ಣುಮಗಳನ್ನು ಕಂಡು, "ಇವಳಿಗೇನು ಓದು ಬರುತ್ತೆ" ಎಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನು ಲೆಕ್ಕವನ್ನೂ ತಪ್ಪು ಓದಿದ, ಆಕೆಗೂ ಅವಮಾನ ಮಾಡಿದ.

"ಹಾಗಾದರೆ ಅಂಕಿಗಳೆಲ್ಲ ಬರೀ ಬುರುಡೆಯೊ?" ಎಂದು ಕೇಳುವಿರಿ. ಅಲ್ಲ. ಹೊಲದಲ್ಲಿ ಕಾರಣ ತಿಳಿಯಲು ಒಂದು ಒಳ್ಳೆಯ ದಾರಿ ಇದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ 1919ರಲ್ಲಿ ಸೇರಿದ ಫಿಶರ್ ಎಂಬ ವಿಜ್ಞಾನಿ ಈ ದಾರಿ ಹಾಕಿಕೊಟ್ಟ. ಹೊಲವನ್ನು ಸಣ್ಣ ತಾಕುಗಳಾಗಿ ಮಾಡಿ, ಯಾವ ತಾಕಿಗೆ ಹೊಸ ಗೊಬ್ಬರ, ಯಾವುದಕ್ಕೆ ಹಳೆಯದು ಎಂದು ಚೀಟಿ ಎತ್ತಿದ ಹಾಗೆ ಹಂಚುವುದು. ಆಗ ಒಳ್ಳೆಯ ಮಣ್ಣು, ಕೆಟ್ಟ ಮಣ್ಣು ಎರಡಕ್ಕೂ ಸಮನಾಗಿ ಬೀಳುತ್ತದೆ. ವ್ಯತ್ಯಾಸ ಕಂಡರೆ ಅದು ಗೊಬ್ಬರದ್ದೇ ಎನ್ನಬಹುದು. ಆದರೆ ಚೀಟಿ ಎತ್ತಿ ಕೆಲವು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ನೋಡಲು ಆಗುತ್ತದೆಯೆ? ಆಗದು. ಅದರಿಂದ ಮನುಷ್ಯರ ವಿಚಾರದಲ್ಲಿ ಬೇರೆ ಬೇರೆ ಕಡೆಯಿಂದ ಲೆಕ್ಕ ನೋಡಿ, ಎಲ್ಲವೂ ಒಂದೇ ಮಾತು ಹೇಳುತ್ತವೆಯೆ ಎಂದು ಪರೀಕ್ಷಿಸಬೇಕು.

ಹೆಣ್ಣುಮಕ್ಕಳ ಓದಿನ ವಿಚಾರದಲ್ಲಿ ಈ ಪರೀಕ್ಷೆ ನಡೆದಿದೆ. ಮಮತಾ ಮೂರ್ತಿ, ಜಾನ್ ಡ್ರೀಜ್ ಮತ್ತು ಅವರ ಸಂಗಡಿಗರೊಬ್ಬರು 1981ರ ಜನಗಣತಿಯಿಂದ ನಮ್ಮ ದೇಶದ 296 ಜಿಲ್ಲೆಗಳ ಅಂಕಿ ತೆಗೆದು ನೋಡಿ 1995ರಲ್ಲಿ ಪ್ರಕಟಿಸಿದರು. ಹೆಂಗಸರು ಓದು ಬಲ್ಲ ಜಿಲ್ಲೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಕಡಿಮೆ. ಅವರು ಅಲ್ಲಿಗೇ ನಿಲ್ಲಲಿಲ್ಲ. "ಓದಿರುವ ಜಿಲ್ಲೆ ಶ್ರೀಮಂತ ಜಿಲ್ಲೆಯೂ ಇರಬಹುದಲ್ಲ, ಪಟ್ಟಣ ಹೆಚ್ಚಿರಬಹುದಲ್ಲ, ಗಂಡಸರ ಓದೂ ಹೆಚ್ಚಿರಬಹುದಲ್ಲ" ಎಂದು ಮೇಣಿ ಹಿಡಿದವನನ್ನು ಹುಡುಕಿದರು. ಬಡತನ, ಪಟ್ಟಣ, ಗಂಡಸರ ಓದು ಇವುಗಳ ಪಾಲನ್ನು ಲೆಕ್ಕದಲ್ಲಿ ಬೇರೆ ತೆಗೆದ ಮೇಲೂ ಹೆಂಗಸರ ಓದಿನ ಗುಣ ಉಳಿಯಿತು. ಜಿಲ್ಲೆಯ ಲೆಕ್ಕ ಸಾಲದು ಎಂದೆವಲ್ಲ. ಮನೆಯ ಲೆಕ್ಕವೂ ಇದೆ. 1992-93ರಲ್ಲಿ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಒಬ್ಬೊಬ್ಬ ತಾಯಿಯನ್ನೇ ಕೇಳಿ ಬರೆದುಕೊಂಡರು. ಅಲ್ಲೂ ಹೆಚ್ಚು ಓದಿದ ತಾಯಿಯ ಮಕ್ಕಳಲ್ಲಿ ಸಾವು ಕಡಿಮೆ. ಓದಿದ ತಾಯಿಯ ಮನೆಯಲ್ಲಿ ಹಣವೂ ತುಸು ಹೆಚ್ಚಿರಬಹುದು, ಆ ಪಾಲನ್ನು ಕಳೆಯಬೇಕು, ನಿಜ. ಆದರೆ ಜಿಲ್ಲೆಯ ಲೆಕ್ಕವೂ ಮನೆಯ ಲೆಕ್ಕವೂ ಒಂದೇ ಕಡೆ ಬೆರಳು ತೋರಿಸಿದಾಗ ಆ ಮಾತಿಗೆ ತೂಕ ಬರುತ್ತದೆ.

ಬಾಂಧವರೇ, ಇನ್ನು ಮುಂದೆ ಯಾರಾದರೂ "ಲೆಕ್ಕವೇ ಹೇಳುತ್ತೆ" ಎಂದು ಹಾಳೆ ಹಿಡಿದು ಬಂದರೆ ನಾಲ್ಕು ಪ್ರಶ್ನೆ ಕೇಳಿ. ಒಂದು, ಅಳೆದದ್ದು ಏನು? ಕಾಯಿಲೆಯೋ, ಕಾಯಿಲೆ ಹೇಳಿಕೊಂಡದ್ದೋ? ಎರಡು, ಇದು ಆಳಿನ ಲೆಕ್ಕವೋ, ಜಿಲ್ಲೆಯ ಲೆಕ್ಕವೋ? ಮೂರು, ಎರಡನ್ನೂ ನಡೆಸುವ ಮೂರನೆಯದು ಹಿಂದೆ ಇದೆಯೆ? ಕಾಲ, ಹಣ, ನೀರು, ರಸ್ತೆ ಇವುಗಳಲ್ಲಿ ಯಾವುದಾದರೂ? ನಾಲ್ಕು, ಆ ಅಂಕಿ ಹದಿನಾರಾಣೆಯಲ್ಲಿ ಎಷ್ಟಾಣೆ? ಇವಕ್ಕೆ ಉತ್ತರ ಸಿಗದಿದ್ದರೆ ಆ ಅಂಕಿಯನ್ನು ನಂಬಿ ಹೊಲ ಮಾರಬೇಡಿ, ಸಾಲ ಮಾಡಬೇಡಿ, ಮಕ್ಕಳ ಶಾಲೆ ಬಿಡಿಸಬೇಡಿ.

ಆ ಯಜಮಾನರು ಈ ಮಾತು ಕೇಳುತ್ತಿದ್ದರೆ ಅವರಿಗೂ ಒಂದು ಮಾತು. ಯಜಮಾನರೇ, ಹನ್ನೆರಡು ಕಿಲೋಮೀಟರು ಬಸ್ಸು ಎಂದಿರಲ್ಲ, ಅದು ನಿಜವಾದ ತೊಂದರೆ. ಬಸ್ಸಿನ ಹೊತ್ತು, ಖರ್ಚು, ಮಗಳ ಕ್ಷೇಮ ಇವನ್ನು ಮನೆಯವರೆಲ್ಲ ಕೂತು ಯೋಚಿಸಿ. ಅದೇ ದಾರಿಯಲ್ಲಿ ಹೋಗುವ ಬೇರೆ ಹುಡುಗಿಯರಿದ್ದರೆ ಜೊತೆ ಮಾಡಿ. ಹುಡುಗಿಯನ್ನೂ ಒಂದು ಮಾತು ಕೇಳಿ. ನಿರ್ಧಾರ ನಿಮ್ಮದು. ಆದರೆ ಕೇರಳದ ಕಾಯಿಲೆಯ ಲೆಕ್ಕವನ್ನು ಮಾತ್ರ ಅದಕ್ಕೆ ತರಬೇಡಿ. ಆ ಹಾಳೆಯನ್ನು ಮಗಳ ಕೈಗೇ ಕೊಡಿ. ಈ ನಾಲ್ಕು ಪ್ರಶ್ನೆ ಹಾಕಿ ಅವಳೇ ನಿಮಗೆ ಓದಿ ಹೇಳಲಿ.